ಕನ್ನಡಿ ಕಳಚಿಟ್ಟ ಕ್ಯಾಮೆರಾ: ಸಂಘಗಳು ಹಳೆಯದನ್ನು ಮೂಲೆಗೆಸೆಯಬೇಕೆ?

ಹೊರನಾಡಿನ ಕನ್ನಡ ಸಂಘ-ಸಂಸ್ಥೆಗಳ ಚಟುವಟಿಕೆಗಳಲ್ಲಿ ಛಾಯಾಚಿತ್ರಕ್ಕಿರುವ ಸ್ಥಾನ ಸಣ್ಣದಲ್ಲ. ದೀಪ ಪ್ರಜ್ವಲನೆಯಿಂದ ಹಿಡಿದು ವಂದನಾರ್ಪಣೆಯ ತನಕ, ಹಿರಿಯರ ಸನ್ಮಾನ, ವಿದ್ಯಾರ್ಥಿಗಳ ಪ್ರತಿಭಾ ಪುರಸ್ಕಾರ, ಮಹಿಳಾ ವಿಭಾಗದ ಅರಸಿನ ಕುಂಕುಮ, ಯುವ ವಿಭಾಗದ ಕ್ರೀಡಾಕೂಟ, ನಾಟಕ, ಯಕ್ಷಗಾನ ಇವೆಲ್ಲ ಮುಗಿದ ಮೇಲೆ ಉಳಿಯುವುದು ಚಿತ್ರಗಳಲ್ಲಿ ಮಾತ್ರ. ಮರುದಿನದ ಪತ್ರಿಕೆಗೆ, ವರ್ಷದ ಕೊನೆಯ ಸ್ಮರಣ ಸಂಚಿಕೆಗೆ, ಮುಂದೊಂದು ದಿನ ಬರಲಿರುವ ಸುವರ್ಣ ಮಹೋತ್ಸವದ ಇತಿಹಾಸ ಗ್ರಂಥಕ್ಕೆ ಆಧಾರವಾಗುವುದೂ ಅವೇ. ಆದ್ದರಿಂದ ಕ್ಯಾಮೆರಾ ಲೋಕದಲ್ಲಿ ಆಗುತ್ತಿರುವ ದೊಡ್ಡ ಬದಲಾವಣೆ ಸ್ಟುಡಿಯೋದವರಿಗೆ ಮಾತ್ರ ಬಿಟ್ಟ ವಿಷಯವಲ್ಲ, ಸಂಘಗಳ ಪದಾಧಿಕಾರಿಗಳೂ ಅರಿತುಕೊಳ್ಳಬೇಕಾದ ಸಂಗತಿ.

ಬದಲಾವಣೆ ಏನೆಂದರೆ, ಕಾಲು ಶತಮಾನದಿಂದ ವೃತ್ತಿಪರ ಛಾಯಾಗ್ರಾಹಕರ ಹೆಗಲಲ್ಲಿ ನೇತಾಡಿದ ಡಿಎಸ್‌ಎಲ್‌ಆರ್ ಕ್ಯಾಮೆರಾದ ಜಾಗಕ್ಕೆ 'ಮಿರರ್‌ಲೆಸ್', ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಬಂದು ಕೂತಿದೆ. ಇದರೊಂದಿಗೆ ಎರಡು ಬಗೆಯ ಅವಸರಗಳೂ ಹುಟ್ಟಿಕೊಂಡಿವೆ. ಒಂದು, ಇದ್ದ ಒಳ್ಳೆಯ ಕ್ಯಾಮೆರಾವನ್ನು ಹಳೆಯದಾಯಿತೆಂದು ಕಪಾಟಿಗೆ ತಳ್ಳಿ ಹೊಸದಕ್ಕೆ ಹಣ ಕೂಡಿಸುವ ಅವಸರ. ಇನ್ನೊಂದು, ಛಾಯಾಗ್ರಾಹಕರ ಕೈಯಲ್ಲಿ ಹೊಸ ಕ್ಯಾಮೆರಾ ಇಲ್ಲವೆಂದರೆ ಅವರ ಕೆಲಸವನ್ನೇ ಕೀಳಾಗಿ ಕಾಣುವ ಅವಸರ. ಎರಡೂ ಸರಿಯಲ್ಲ. ಕ್ಯಾಮೆರಾ ಕಾರ್ಖಾನೆಯಲ್ಲಿ ಡಿಎಸ್‌ಎಲ್‌ಆರ್‌ನ ಕಾಲ ಹೆಚ್ಚು ಕಡಿಮೆ ಮುಗಿದಿದೆ ಎಂಬುದು ನಿಜ. ಸಂಘದ ವೇದಿಕೆಯ ಮುಂದೆ ಅದರ ಕಾಲ ಇನ್ನೂ ಮುಗಿದಿಲ್ಲ ಎಂಬುದೂ ಅಷ್ಟೇ ನಿಜ.

ಕನ್ನಡಿ ಯಾಕೆ ಬೇಕಾಗಿತ್ತು?

ಲೆನ್ಸಿನಿಂದ ಬರುವ ಬೆಳಕು ಫಿಲ್ಮಿನ ಮೇಲೆ ಬೀಳಬೇಕು, ಅದೇ ನೋಟ ತೆಗೆಯುವವನ ಕಣ್ಣಿಗೂ ಕಾಣಬೇಕು. ಒಂದೇ ಬೆಳಕು ಎರಡು ಕಡೆ ಹೋಗುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯವೇ ಲೆನ್ಸಿನ ಹಿಂದೆ ಓರೆಯಾಗಿ ನಿಲ್ಲಿಸಿದ ಪುಟ್ಟ ಕನ್ನಡಿ. ಬೆಳಕು ಕನ್ನಡಿಗೆ ತಾಗಿ ಮೇಲೆ ಹೋಗಿ, ಅಲ್ಲಿರುವ ಪಂಚಕೋನಾಕಾರದ ಗಾಜಿನಲ್ಲಿ ತಿರುಗಿ ಕಣ್ಣಿಗೆ ನೇರವಾಗಿ ಕಾಣಿಸುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲಕ್ಕೆ ಹಾರುತ್ತದೆ, ಷಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಕೆಳಗೆ ಬೀಳುತ್ತದೆ. ಸಭೆಯಲ್ಲಿ ಕೇಳಿ ಅಭ್ಯಾಸವಾಗಿರುವ ಆ 'ಚಟಕ್' ಸದ್ದು ಬಹುಮಟ್ಟಿಗೆ ಈ ಕನ್ನಡಿಯದು.

1949ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾ ಈ ಗಾಜನ್ನು ಕನ್ನಡಿಯೊಂದಿಗೆ ಜೋಡಿಸಿ ಇಂದಿನ ರೂಪ ಕೊಟ್ಟ ಆರಂಭದ ಕ್ಯಾಮೆರಾಗಳಲ್ಲೊಂದು. 1959ರಲ್ಲಿ ಬಂದ ನಿಕಾನ್ ಎಫ್ ಅದನ್ನು ಜಗತ್ತಿನ ಪತ್ರಿಕಾ ಛಾಯಾಗ್ರಾಹಕರ ನೆಚ್ಚಿನ ಸಲಕರಣೆಯಾಗಿಸಿತು. 1999ರಲ್ಲಿ ನಿಕಾನ್ ಡಿ1 ಬಂದಾಗ ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂತು, ಕನ್ನಡಿ ಮಾತ್ರ ಹಾಗೆಯೇ ಉಳಿಯಿತು. 2003ರಲ್ಲಿ ಕ್ಯಾನನ್ ಇಒಎಸ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಸಿಕ್ಕಿದಾಗ ಡಿಎಸ್‌ಎಲ್‌ಆರ್ ಸಾಮಾನ್ಯ ಹವ್ಯಾಸಿಗಳ ಕೈಗೂ ಎಟುಕಿತು. ಆಮೇಲಿನ ಒಂದು ದಶಕವಂತೂ ಅದರದ್ದೇ ರಾಜ್ಯಭಾರ.

ಆದರೆ ಸೆನ್ಸರ್ ಬಂದ ದಿನವೇ ಕನ್ನಡಿಯ ಅಗತ್ಯ ಅರ್ಧ ಮುಗಿದಿತ್ತು. ಫಿಲ್ಮಿನಲ್ಲಿ ಏನು ಮೂಡಿದೆ ಎಂದು ತೊಳೆಯುವ ತನಕ ತಿಳಿಯುತ್ತಿರಲಿಲ್ಲ. ಸೆನ್ಸರ್ ಹಾಗಲ್ಲ, ತಾನು ಕಾಣುತ್ತಿರುವುದನ್ನು ಆ ಕ್ಷಣದಲ್ಲೇ ಪುಟ್ಟ ಪರದೆಗೆ ಕಳುಹಿಸಬಲ್ಲದು. ಹಾಗಿದ್ದ ಮೇಲೆ ನಡುವೆ ಕನ್ನಡಿ ಯಾಕೆ? 2008ರಲ್ಲಿ ಪ್ಯಾನಾಸೋನಿಕ್ ಲ್ಯುಮಿಕ್ಸ್ ಜಿ1 ಕ್ಯಾಮೆರಾದ ಮೂಲಕ ಈ ಪ್ರಶ್ನೆಗೆ ಉತ್ತರ ಬಂತು. ಕನ್ನಡಿಯಿಲ್ಲ, ಲೆನ್ಸ್ ಬದಲಿಸಬಹುದು, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಗಾಜಿನ ಬದಲು ಎಲೆಕ್ಟ್ರಾನಿಕ್ ಪರದೆ. ಆಗ ಅದನ್ನು ಆಟಿಕೆಯೆಂದು ನಕ್ಕವರೇ ಹೆಚ್ಚು. 2013ರಲ್ಲಿ ಸೋನಿ ಎ7 ಬಂದು ದೊಡ್ಡ ಸೆನ್ಸರನ್ನು ಸಣ್ಣ ಮೈಯೊಳಗೆ ಕೂರಿಸಿದಾಗ ನಗು ನಿಂತಿತು. 2017ರ ಸೋನಿ ಎ9 ಕ್ಷಣಕ್ಕೆ 20 ಚಿತ್ರಗಳನ್ನು ಸದ್ದಿಲ್ಲದೆ ತೆಗೆದು ತೋರಿಸಿತು. 2018ರಲ್ಲಿ ನಿಕಾನ್ ಝಡ್ ಶ್ರೇಣಿಯನ್ನೂ ಕ್ಯಾನನ್ ಇಒಎಸ್ ಆರ್ ಶ್ರೇಣಿಯನ್ನೂ ಹೊರತಂದು, ಡಿಎಸ್‌ಎಲ್‌ಆರ್ ಕೋಟೆಯ ಇಬ್ಬರು ಕಾವಲುಗಾರರೇ ಬಾಗಿಲು ತೆರೆದುಕೊಟ್ಟಂತಾಯಿತು.

ಅಂಕಿ-ಅಂಶ ಹೇಳುವ ಸತ್ಯ

ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟವಾದ 'ಸಿಪಾ' ಪ್ರಕಟಿಸುವ ಲೆಕ್ಕವನ್ನು ನೋಡಿದರೆ ಅನುಮಾನಕ್ಕೆ ಎಡೆಯಿಲ್ಲ. 2012ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಎಸ್‌ಎಲ್‌ಆರ್‌ಗಳು ಸುಮಾರು 1.6 ಕೋಟಿ. 2020ರಲ್ಲಿ ಮೊದಲ ಬಾರಿಗೆ ಮಿರರ್‌ಲೆಸ್ ಮುಂದೆ ಬಂತು. ಆ ವರ್ಷ ಅದು ಸುಮಾರು 29 ಲಕ್ಷ, ಡಿಎಸ್‌ಎಲ್‌ಆರ್ ಸುಮಾರು 24 ಲಕ್ಷ. 2024ರ ಹೊತ್ತಿಗೆ ಮಿರರ್‌ಲೆಸ್ ಸುಮಾರು 56 ಲಕ್ಷಕ್ಕೆ ಏರಿದರೆ, ಡಿಎಸ್‌ಎಲ್‌ಆರ್ ಸುಮಾರು 10 ಲಕ್ಷಕ್ಕೆ ಇಳಿಯಿತು.

ಕಂಪೆನಿಗಳ ನಡೆಯೂ ಅದನ್ನೇ ಹೇಳುತ್ತದೆ. ಕ್ಯಾನನ್ ಇಒಎಸ್-1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ6, ನಿಕಾನ್ ಡಿ780 ಇವೆಲ್ಲ 2020ರ ಆರಂಭದವು. ಅಲ್ಲಿಂದೀಚೆಗೆ ಈ ಎರಡು ಕಂಪೆನಿಗಳು ತಮ್ಮ ಹೊಸ ತಂತ್ರಜ್ಞಾನವನ್ನೆಲ್ಲ ಮಿರರ್‌ಲೆಸ್‌ಗೆ ಧಾರೆ ಎರೆದಿವೆ. 1ಡಿ ಎಕ್ಸ್ ಮಾರ್ಕ್ 3 ತಮ್ಮ ಕೊನೆಯ ಅಗ್ರಶ್ರೇಣಿಯ ಡಿಎಸ್‌ಎಲ್‌ಆರ್ ಎಂದು ಕ್ಯಾನನ್ ಮುಖ್ಯಸ್ಥ ಫುಜಿಯೊ ಮಿತರಾಯ್ ಹೇಳಿದ್ದನ್ನು ಜಪಾನಿನ ಯೊಮಿಯುರಿ ಪತ್ರಿಕೆ 2021ರ ಡಿಸೆಂಬರಿನಲ್ಲಿ ವರದಿ ಮಾಡಿತು. 2022ರ ಜುಲೈಯಲ್ಲಿ ನಿಕಾನ್ ಹೊಸ ಡಿಎಸ್‌ಎಲ್‌ಆರ್ ತಯಾರಿಕೆಯಿಂದ ಹಿಂದೆ ಸರಿಯುತ್ತಿದೆ ಎಂದು ನಿಕ್ಕೆಯಿ ಪತ್ರಿಕೆ ಬರೆದಾಗ, ಅದು ಊಹಾಪೋಹವೆಂದೂ ಉತ್ಪಾದನೆ, ಮಾರಾಟ ಹಾಗೂ ಸೇವೆ ಮುಂದುವರಿದಿವೆಯೆಂದೂ ನಿಕಾನ್ ಉತ್ತರಿಸಿತು. ಸಂಸ್ಥೆ ಬಾಗಿಲು ಮುಚ್ಚಿಲ್ಲ, ಆದರೆ ಹೊಸ ಕಟ್ಟಡವನ್ನು ಬೇರೆ ಕಡೆ ಕಟ್ಟುತ್ತಿದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ರಿಕೋ ಒಡೆತನದ ಪೆಂಟಾಕ್ಸ್ ಮಾತ್ರ 2021ರಲ್ಲಿ ಕೆ-3 ಮಾರ್ಕ್ 3, 2023ರಲ್ಲಿ ಅದರ ಕಪ್ಪು-ಬಿಳುಪು ಆವೃತ್ತಿಯನ್ನು ಹೊರತಂದು ಕನ್ನಡಿಯ ಪಕ್ಷ ಹಿಡಿದು ನಿಂತಿತು.

ಆದ್ದರಿಂದ ಹೊಸದಾಗಿ, ಮೊದಲ ಬಾರಿಗೆ, ಕೈಯಿಂದ ದೊಡ್ಡ ಹಣ ಹಾಕಿ ಕ್ಯಾಮೆರಾ ಕೊಳ್ಳುವವರು ಮಿರರ್‌ಲೆಸ್ ಕಡೆಗೇ ಹೋಗುವುದು ಲೇಸು. ಮುಂದಿನ ಲೆನ್ಸುಗಳು, ಮುಂದಿನ ಸುಧಾರಣೆಗಳು ಅಲ್ಲಿಗೇ ಬರುತ್ತವೆ. ಇಲ್ಲಿಯ ತನಕ ವಾದಕ್ಕೆ ಜಾಗವಿಲ್ಲ.

ವೇದಿಕೆಯ ಮುಂದೆ ಹೊಸದರ ಲಾಭ

ಸಂಘಗಳ ಕಾರ್ಯಕ್ರಮಗಳ ದೃಷ್ಟಿಯಿಂದ ಮಿರರ್‌ಲೆಸ್‌ನ ಕೆಲವು ಗುಣಗಳನ್ನು ಮೆಚ್ಚಲೇಬೇಕು. ಮೊದಲನೆಯದು ಮೌನ. ಭರತನಾಟ್ಯದ ರಂಗಪ್ರವೇಶದಲ್ಲಿ, ಶಾಸ್ತ್ರೀಯ ಗಾಯನದ ಆಲಾಪನೆಯಲ್ಲಿ, ನಾಟಕದ ಗಂಭೀರ ಸನ್ನಿವೇಶದಲ್ಲಿ ಮೊದಲ ಸಾಲಿನಿಂದ ಬರುವ ಚಟಕ್ ಸದ್ದು ರಸಭಂಗ ಮಾಡುತ್ತದೆ. ಎಲೆಕ್ಟ್ರಾನಿಕ್ ಷಟರ್ ಇರುವ ಹೊಸ ಕ್ಯಾಮೆರಾ ಪೂರ್ತಿ ನಿಶ್ಶಬ್ದವಾಗಿ ಕೆಲಸ ಮಾಡಬಲ್ಲದು. 2021ರ ನಿಕಾನ್ ಝಡ್9 ಅಂತೂ ಯಾಂತ್ರಿಕ ಷಟರನ್ನೇ ಬಿಟ್ಟುಕೊಟ್ಟಿತು.

ಎರಡನೆಯದು, ಬೆಳಕಿನ ಅಂದಾಜು. ಸುತ್ತ ಕತ್ತಲು, ಪಾತ್ರಧಾರಿಯ ಮುಖದ ಮೇಲೆ ಮಾತ್ರ ಪ್ರಖರ ಬೆಳಕು ಇರುವ ರಂಗದಲ್ಲಿ ಕ್ಯಾಮೆರಾದ ಲೆಕ್ಕ ತಪ್ಪಿ ಮುಖ ಬಿಳುಚಿಕೊಳ್ಳುವುದು ಸಾಮಾನ್ಯ. ಮಿರರ್‌ಲೆಸ್‌ನ ಕಿಂಡಿಯಲ್ಲಿ ಚಿತ್ರ ಹೇಗೆ ಬರಲಿದೆ ಎಂಬುದು ಒತ್ತುವ ಮೊದಲೇ ಕಾಣುವುದರಿಂದ ತಿದ್ದಿಕೊಳ್ಳಬಹುದು. ಮೂರನೆಯದು, ವ್ಯಕ್ತಿಯ ಕಣ್ಣನ್ನೇ ಹುಡುಕಿ ಫೋಕಸ್ ಮಾಡುವ ಸಾಮರ್ಥ್ಯ. ಸಾಲಾಗಿ ಬರುವ ಪುರಸ್ಕೃತ ಮಕ್ಕಳ ಚಿತ್ರ ತೆಗೆಯುವಾಗ ಇದರ ಉಪಯೋಗ ದೊಡ್ಡದು. ನಾಲ್ಕನೆಯದು ವಿಡಿಯೊ. ಚಿತ್ರ ಮತ್ತು ವಿಡಿಯೊ ಎರಡನ್ನೂ ಒಂದೇ ಕ್ಯಾಮೆರಾದಲ್ಲಿ, ಕಿಂಡಿಯಲ್ಲಿ ಕಣ್ಣಿಟ್ಟೇ ಮಾಡಬಹುದು. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೊಗೆ ಕನ್ನಡಿಯನ್ನು ಎತ್ತಿ ಹಿಡಿಯಬೇಕಾಗುವುದರಿಂದ ಕಿಂಡಿ ಕುರುಡಾಗುತ್ತದೆ.

ತೂಕವೂ ಗಮನಾರ್ಹ. ಬ್ಯಾಟರಿ ಸಹಿತ ನಿಕಾನ್ ಡಿ850 ತೂಗುವುದು 1005 ಗ್ರಾಂ, ಅದೇ ಮಟ್ಟದ ಝಡ್7 ತೂಗುವುದು 675 ಗ್ರಾಂ. ವಿರಾರ್‌ನಿಂದಲೋ ಡೊಂಬಿವಲಿಯಿಂದಲೋ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಚೀಲ ಹೊತ್ತು ಬರುವ ಛಾಯಾಗ್ರಾಹಕರಿಗೆ 330 ಗ್ರಾಂ ಉಳಿತಾಯ ಸಣ್ಣದಲ್ಲ. ಆದರೆ ದೊಡ್ಡ ಲೆನ್ಸುಗಳ ತೂಕ ಅಷ್ಟಾಗಿ ಇಳಿದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಹೇಳದೆ ಬಿಡುವ ಮಾತುಗಳು

ಹೊಸ ಕ್ಯಾಮೆರಾ ಮಾರುವವರು ಇಷ್ಟನ್ನು ಉತ್ಸಾಹದಿಂದ ವಿವರಿಸುತ್ತಾರೆ. ಉಳಿದದ್ದನ್ನು ಕೊಳ್ಳುವವರೇ ಕೇಳಿ ತಿಳಿಯಬೇಕು.

ಬ್ಯಾಟರಿಯ ವಿಷಯ ನೋಡಿ. ಡಿಎಸ್‌ಎಲ್‌ಆರ್‌ನ ಗಾಜಿನ ಕಿಂಡಿಗೆ ವಿದ್ಯುತ್ ಬೇಕಾಗಿಲ್ಲ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮತ್ತು ಪರದೆ ಸದಾ ಎಚ್ಚರವಾಗಿರಬೇಕು. ಸಿಪಾ ಮಾನದಂಡದ ಪ್ರಕಾರ ಒಂದು ಬ್ಯಾಟರಿಯಲ್ಲಿ ಡಿ850 ಸುಮಾರು 1840 ಚಿತ್ರ ಕೊಟ್ಟರೆ, 2018ರ ಝಡ್6 ಕೊಡುವುದು ಸುಮಾರು 310. ಬಳಕೆಯಲ್ಲಿ ಎರಡೂ ಇದಕ್ಕಿಂತ ಹೆಚ್ಚೇ ಕೊಡುತ್ತವೆ, ಹೊಸ ಮಾದರಿಗಳಲ್ಲಿ ಸ್ಥಿತಿ ಸುಧಾರಿಸಿಯೂ ಇದೆ. ಹಾಗಿದ್ದರೂ ಬೆಳಿಗ್ಗಿನ ಗಣಹೋಮದಿಂದ ರಾತ್ರಿಯ ಯಕ್ಷಗಾನದವರೆಗೆ ನಡೆಯುವ ವಾರ್ಷಿಕೋತ್ಸವಕ್ಕೆ ಹೆಚ್ಚುವರಿ ಬ್ಯಾಟರಿಗಳ ಖರ್ಚನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಇನ್ನು ಮೌನದ ಬೆಲೆ. ಎಲೆಕ್ಟ್ರಾನಿಕ್ ಷಟರಿನಲ್ಲಿ ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಸಭಾಗೃಹದ ಎಲ್‌ಇಡಿ ದೀಪಗಳಲ್ಲಿ ಹಲವು ಕಣ್ಣಿಗೆ ಕಾಣದ ವೇಗದಲ್ಲಿ ಮಿನುಗುತ್ತಿರುತ್ತವೆ. ಎರಡೂ ಸೇರಿದಾಗ ಅತಿಥಿ-ಗಣ್ಯರ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬೀಳುತ್ತವೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದು ಬಹಳ ಕಷ್ಟ. ಭಾರತದ ವಿದ್ಯುತ್ ಸರಬರಾಜು 50 ಹರ್ಟ್ಸ್ ಆದ್ದರಿಂದ ಮಾಮೂಲು ದೀಪಗಳ ಬೆಳಕು ಕ್ಷಣಕ್ಕೆ 100 ಬಾರಿ ಏರಿಳಿಯುತ್ತದೆ. ಷಟರ್ ವೇಗವನ್ನು ಐವತ್ತರ ಅಥವಾ ನೂರರ ಒಂದು ಕ್ಷಣಕ್ಕೆ ಇಟ್ಟರೆ, ಇಲ್ಲವೇ ಮೌನ ಬಿಟ್ಟು ಯಾಂತ್ರಿಕ ಷಟರ್ ಬಳಸಿದರೆ ಬಹುಪಾಲು ತೊಂದರೆ ತಪ್ಪುತ್ತದೆ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗಳ ಮಿನುಗು ಬೇರೆ ಬೇರೆ ವೇಗದ್ದು. ಅಲ್ಲಿ ಕಾರ್ಯಕ್ರಮಕ್ಕೆ ಮೊದಲು ಒಂದೆರಡು ಚಿತ್ರ ತೆಗೆದು ಪರೀಕ್ಷಿಸುವುದೇ ದಾರಿ. 2023ರ ಸೋನಿ ಎ9 ಮಾರ್ಕ್ 3 ಇಡೀ ಚಿತ್ರವನ್ನು ಒಮ್ಮೆಲೇ ಓದುವ ಸೆನ್ಸರ್ ತಂದಿತು, ಆದರೆ ಅದು ಸಂಘಗಳ ಬಜೆಟ್ಟಿಗೆ ನಿಲುಕುವ ವಸ್ತುವಲ್ಲ.

ಮೂರನೆಯ ಮಾತು ಲೆನ್ಸುಗಳದ್ದು. ಕನ್ನಡಿ ಹೋದ ಮೇಲೆ ಲೆನ್ಸಿಗೂ ಸೆನ್ಸರಿಗೂ ನಡುವಿನ ಅಂತರ ಕಡಿಮೆಯಾಯಿತು. ಕ್ಯಾನನ್‌ನ ಹಳೆಯ ಇಎಫ್ ವ್ಯವಸ್ಥೆಯಲ್ಲಿ ಅದು 44 ಮಿಲಿಮೀಟರ್, ಹೊಸ ಆರ್‌ಎಫ್‌ನಲ್ಲಿ 20. ನಿಕಾನ್‌ನಲ್ಲಿ 46.5 ಇದ್ದದ್ದು 16ಕ್ಕೆ ಇಳಿದಿದೆ. ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಕೂರಿಸಿ ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕಬಹುದು, ಹೊಸ ಲೆನ್ಸನ್ನು ಹಳೆಯದಕ್ಕೆ ಹಾಕಲಾಗದು. ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರಿನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ನಿಕಾನ್‌ನಲ್ಲಿ ಸ್ವಂತ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳು ಕಂಪೆನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಸ್ಟುಡಿಯೋದಲ್ಲಿ ಹತ್ತು-ಹದಿನೈದು ವರ್ಷಗಳಿಂದ ಕೂಡಿಟ್ಟ ಲೆನ್ಸುಗಳು ಇಂಥವೇ ಆಗಿದ್ದರೆ, 'ಬರೇ ಕ್ಯಾಮೆರಾ ಬದಲಿಸಿದರಾಯಿತು' ಎಂಬ ಮಾತು ನಿಜವಾಗುವುದಿಲ್ಲ.

ಚಿತ್ರಕ್ಕೆ ಎಷ್ಟು ಬೇಕು?

ಇಲ್ಲೊಂದು ಸರಳ ಲೆಕ್ಕ ಮಾಡಿ ನೋಡಬೇಕು. ಸ್ಮರಣ ಸಂಚಿಕೆಯ ಪೂರ್ಣ ಪುಟ ಸಾಮಾನ್ಯವಾಗಿ ಎ4 ಅಳತೆಯದು. ಒಳ್ಳೆಯ ಮುದ್ರಣಕ್ಕೆ ಬೇಕಾಗುವ ಇಂಚಿಗೆ 300 ಚುಕ್ಕಿಗಳ ಲೆಕ್ಕದಲ್ಲಿ ಆ ಪುಟಕ್ಕೆ ಬೇಕಾಗುವುದು ಸುಮಾರು 3508 ಅಡ್ಡ 2480 ಚುಕ್ಕಿಗಳು, ಅಂದರೆ ಒಂಬತ್ತು ಮೆಗಾಪಿಕ್ಸೆಲ್‌ಗಿಂತಲೂ ಕಡಿಮೆ. 2008ರಲ್ಲಿ ಬಂದ ನಿಕಾನ್ ಡಿ90 ಕೊಡುವ ಚಿತ್ರ 4288 ಅಡ್ಡ 2848 ಚುಕ್ಕಿಗಳದ್ದು. ಹದಿನೇಳು-ಹದಿನೆಂಟು ವರ್ಷ ಹಳೆಯದಾದ ಆ ಕ್ಯಾಮೆರಾದ ಚಿತ್ರವನ್ನು ಇಂದಿಗೂ ಸಂಚಿಕೆಯ ಪೂರ್ಣ ಪುಟಕ್ಕೆ ಧೈರ್ಯವಾಗಿ ಹಾಕಬಹುದು. 24 ಮೆಗಾಪಿಕ್ಸೆಲ್‌ನ ಯಾವುದೇ ಡಿಎಸ್‌ಎಲ್‌ಆರ್ ಇದ್ದರೆ ಗೋಡೆಗೆ ತೂಗುಹಾಕುವ 20 ಇಂಚಿನ ಚಿತ್ರವೂ ಸಿದ್ಧ.

ಆಯುಷ್ಯದ ಲೆಕ್ಕವೂ ಹಾಗೆಯೇ. ಡಿ850ರ ಷಟರನ್ನು ಎರಡು ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ ಎನ್ನುತ್ತದೆ ಕಂಪೆನಿ. ವರ್ಷಕ್ಕೆ 20 ಕಾರ್ಯಕ್ರಮ ನಡೆಸುವ ಸಂಘ ಪ್ರತಿಯೊಂದಕ್ಕೂ 500 ಚಿತ್ರ ತೆಗೆಸಿದರೂ ವರ್ಷಕ್ಕೆ ಆಗುವುದು 10 ಸಾವಿರ. ಆ ಲೆಕ್ಕದಲ್ಲಿ 20 ವರ್ಷ ಬೇಕು. ಬ್ಯಾಟರಿ ಸಿಗಲಿಕ್ಕಿಲ್ಲ ಎಂಬ ಭಯವೂ ಸದ್ಯಕ್ಕೆ ಬೇಡ. ಕ್ಯಾನನ್‌ನ ಎಲ್‌ಪಿ-ಇ6 ಮತ್ತು ನಿಕಾನ್‌ನ ಇಎನ್-ಇಎಲ್15 ಕುಟುಂಬದ ಬ್ಯಾಟರಿಗಳನ್ನು ಹಲವು ಡಿಎಸ್‌ಎಲ್‌ಆರ್‌ಗಳಂತೆ ಹಲವು ಮಿರರ್‌ಲೆಸ್‌ಗಳಲ್ಲೂ ಬಳಸಲಾಗುತ್ತಿದೆ.

ಮುಂಬಯಿಯಂಥ ಕಡಲತೀರದ ನಗರದಲ್ಲಿ ಕ್ಯಾಮೆರಾದ ನಿಜವಾದ ಶತ್ರು ಮಾರುಕಟ್ಟೆಗೆ ಬರುವ ಹೊಸ ಮಾದರಿಯಲ್ಲ, ಮಳೆಗಾಲದ ತೇವ. ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಬೀಗ ಹಾಕಿದ ಲೆನ್ಸಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಗಾಳಿಯಾಡದ ಡಬ್ಬಿ, ಅದರೊಳಗೆ ಆಗಾಗ ಬದಲಿಸುವ ಸಿಲಿಕಾ ಜೆಲ್, ತಿಂಗಳಿಗೊಮ್ಮೆಯಾದರೂ ಹೊರತೆಗೆದು ಬಳಕೆ, ಇಷ್ಟು ಜಾಗ್ರತೆ ಮಾಡಿದರೆ ಹಳೆಯ ಕ್ಯಾಮೆರಾವೂ ಬಾಳುತ್ತದೆ, ಹೊಸದೂ ಬಾಳುತ್ತದೆ. ಮಾಡದಿದ್ದರೆ ಎರಡೂ ಹಾಳು. ಸದ್ದಿನ ತೊಂದರೆಗೂ ಹಳೆಯದರಲ್ಲಿ ಅಲ್ಪ ಪರಿಹಾರವಿದೆ. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಕನ್ನಡಿಯನ್ನು ಮೆಲ್ಲಗೆ ಇಳಿಸುವ ವ್ಯವಸ್ಥೆಯೊಂದಿದೆ. ಅದನ್ನು ಎಂದೂ ತಿರುಗಿಸಿ ನೋಡದವರೇ ಹೆಚ್ಚು.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡು-ತೋಟಗಳಲ್ಲಿ ಹಕ್ಕಿಗಳ ಚಿತ್ರ ತೆಗೆದದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಮೊದಲ ಮಿರರ್‌ಲೆಸ್ ಅಂಗಡಿಗೆ ಬರುವ ಒಂದು ವರ್ಷ ಮೊದಲೇ, 2007ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕಾ ಛಾಯಾಗ್ರಹಣಕ್ಕೆ ಗೌರವ ತಂದುಕೊಟ್ಟು, 1977ರಲ್ಲಿ ಪದ್ಮಶ್ರೀ ಪಡೆದದ್ದು ಫಿಲ್ಮಿನ ಕಾಲದಲ್ಲಿ. ಕಣ್ಣು ಹುಡುಕುವ ಯಂತ್ರ ಇವರ ಬಳಿ ಇರಲಿಲ್ಲ. ಕಾಯುವ ತಾಳ್ಮೆ ಇತ್ತು, ಎದುರಿಗಿರುವ ಜೀವದ ಬಗ್ಗೆ ಪ್ರೀತಿ ಇತ್ತು. ಯಕ್ಷಗಾನದ ರಂಗಸ್ಥಳವೂ ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ ದೀಪಕ್ಕೆ ಬಂತು. ಬೆಳಕು ಬದಲಾದ ಕಾರಣಕ್ಕೆ ಯಾರ ಹೆಜ್ಜೆಯೂ ಗಟ್ಟಿಯಾಗಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ ಎಂಬ ಗಾದೆ ಕ್ಯಾಮೆರಾಕ್ಕೂ ಸಲ್ಲುತ್ತದೆ.

ಸ್ಟುಡಿಯೋದವರ ಹೊಟ್ಟೆಪಾಡು

ಸಮಾಜ ಬಾಂಧವರು ಗಂಭೀರವಾಗಿ ಯೋಚಿಸಬೇಕಾದ ವಿಷಯ ಇನ್ನೊಂದಿದೆ. ಮಹಾನಗರ ಮತ್ತು ಉಪನಗರಗಳಲ್ಲಿ ಸಂಘಗಳ ಕಾರ್ಯಕ್ರಮ, ಮದುವೆ, ಉಪನಯನ, ನಾಮಕರಣಗಳ ಚಿತ್ರ ತೆಗೆದು ಬದುಕು ಕಟ್ಟಿಕೊಂಡವರಲ್ಲಿ ಕನ್ನಡಿಗರೂ ಇದ್ದಾರೆ. ಸಂಘದ ಕೆಲಸವೆಂದು ಅರ್ಧ ದರಕ್ಕೆ ಬಂದವರು, ಹಣ ಕೈಸೇರಲು ತಿಂಗಳುಗಟ್ಟಲೆ ಕಾದವರು, ಊಟದ ಹೊತ್ತಿನಲ್ಲೂ ಗುಂಪು ಚಿತ್ರಕ್ಕಾಗಿ ನಿಂತವರು ಇವರು. ಸಾಲ ಮಾಡಿ ಕೊಂಡ ಡಿಎಸ್‌ಎಲ್‌ಆರ್ ಮತ್ತು ಲೆನ್ಸುಗಳಿಗೆ ಇಂದು ಫೋರ್ಟ್‌ನ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳಲ್ಲಿ ಮಾರಲು ಹೋದರೆ ಕೊಂಡ ಬೆಲೆಯ ಸಣ್ಣ ಪಾಲೂ ಸಿಗುವುದು ಕಷ್ಟ. ಹೊಸ ಮಿರರ್‌ಲೆಸ್ ಕ್ಯಾಮೆರಾ, ಎರಡು ಒಳ್ಳೆಯ ಲೆನ್ಸು ಎಂದರೆ ಮತ್ತೆ ಲಕ್ಷಗಳ ಮಾತು.

ಇದರ ಮೇಲೆ 'ನಿಮ್ಮದು ಮಿರರ್‌ಲೆಸ್ಸಾ?' ಎಂಬ ಪ್ರಶ್ನೆ. ಮದುವೆ ಮನೆಯವರು ಕೇಳಿದರೆ ಅದು ಅವರ ಹಣ, ಅವರ ಇಷ್ಟ. ಸಂಘ-ಸಂಸ್ಥೆಗಳೂ ಅದೇ ಧಾಟಿಯಲ್ಲಿ ಷರತ್ತು ಹಾಕಿದರೆ, ಹತ್ತಾರು ವರ್ಷ ಸಂಘದ ಜೊತೆ ನಡೆದವರಿಗೆ ಹಿಂಬಾಗಿಲು ತೋರಿಸಿದಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ನಡತೆ ಸಂಘಗಳಿಗೆ ಶೋಭೆ ತರುವಂಥದ್ದಲ್ಲ. ಪದಾಧಿಕಾರಿಗಳಲ್ಲಿ ಯಾರು ಯಾವ ಊರಿನವರು, ದಾನಿಯ ಪಕ್ಕ ಯಾರು ನಿಲ್ಲಬೇಕು, ಪ್ರವೇಶವಾಗುವ ವೇಷ ಯಾವ ಕ್ಷಣದಲ್ಲಿ ಧಿಗಿಣ ಹಾಕುತ್ತದೆ ಎಂಬುದೆಲ್ಲ ಅನುಭವಿಯಾದ ಛಾಯಾಗ್ರಾಹಕರಿಗೆ ಗೊತ್ತಿರುತ್ತದೆ. ಯಾವ ಕಂಪೆನಿಯೂ ಆ ಜ್ಞಾನವನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ.

ಇದಕ್ಕೆ ಎದುರಾಗಿ, ಕಾಲಕ್ಕೆ ತಕ್ಕಂತೆ ಬದಲಾಗದವರನ್ನು ಸಂಘ ಯಾಕೆ ಸಾಕಬೇಕು ಎಂದು ಕೇಳುವವರು ಇರಬಹುದು. ಪ್ರಶ್ನೆ ನ್ಯಾಯವಾದದ್ದೇ. 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್‌ನಂಥ ಜಾಗತಿಕ ಸುದ್ದಿಸಂಸ್ಥೆಯೇ ತನ್ನ ಛಾಯಾಗ್ರಾಹಕರಿಗೆಲ್ಲ ಸೋನಿಯ ಮಿರರ್‌ಲೆಸ್ ಕೊಡಲು ತೀರ್ಮಾನಿಸಿತು. ಆದರೆ ಅಲ್ಲಿ ಕ್ಯಾಮೆರಾ ಕೊಡಿಸಿದ್ದು ಸಂಸ್ಥೆ, ಛಾಯಾಗ್ರಾಹಕರ ಜೇಬಿಗೆ ಕೈ ಹಾಕಿ ಅಲ್ಲ ಎಂಬುದನ್ನು ಗಮನಿಸಬೇಕು. ಸಂಘಕ್ಕೆ ಹೊಸ ಕ್ಯಾಮೆರಾದ ಚಿತ್ರವೇ ಬೇಕೆಂದಿದ್ದರೆ ಅದಕ್ಕೆ ತಕ್ಕ ಸಂಭಾವನೆ ಕೊಡಲಿ, ಕಾರ್ಯಕ್ರಮ ಮುಗಿದ ವಾರದೊಳಗೆ ಹಣ ಸಂದಾಯ ಮಾಡಲಿ. ಹಾಗೆ ಮಾಡಿದರೆ ಛಾಯಾಗ್ರಾಹಕರು ತಾವಾಗಿಯೇ ಹೊಸದಕ್ಕೆ ಹೋಗುತ್ತಾರೆ.

ದೊಡ್ಡ ನಷ್ಟ ಬೇರೆಯೇ ಇದೆ

ಕನ್ನಡಿ ಇರಬೇಕೋ ಬೇಡವೋ ಎಂಬ ಚರ್ಚೆಯ ನಡುವೆ ಎರಡೂ ಬಗೆಯ ಕ್ಯಾಮೆರಾಗಳನ್ನು ನುಂಗುತ್ತಿರುವ ಮೂರನೆಯವನನ್ನು ಮರೆಯಬಾರದು. 2010ರಲ್ಲಿ ಎಲ್ಲ ಬಗೆಯ ಡಿಜಿಟಲ್ ಕ್ಯಾಮೆರಾಗಳು ಸೇರಿ ಸುಮಾರು 12 ಕೋಟಿ ಹೊರಬಂದಿದ್ದವು. 2024ರಲ್ಲಿ ಆ ಸಂಖ್ಯೆ ಸುಮಾರು 85 ಲಕ್ಷ. ಉಳಿದ ಜಾಗವನ್ನೆಲ್ಲ ಆಕ್ರಮಿಸಿದ್ದು ಮೊಬೈಲ್. ಇಂದು ಸಂಘದ ಕಾರ್ಯಕ್ರಮದಲ್ಲಿ ನೂರು ಮೊಬೈಲುಗಳು ಚಿತ್ರ ತೆಗೆಯುತ್ತವೆ, ವಾಟ್ಸ್ಯಾಪ್ ಬಳಗಗಳಲ್ಲಿ ಆ ರಾತ್ರಿಯೇ ಹಂಚಿಕೆಯಾಗುತ್ತವೆ. ಹಾಗೆ ಮಾಮೂಲಾಗಿ ಕಳುಹಿಸಿದ ಚಿತ್ರ ಕುಗ್ಗಿ ಹೋಗಿರುತ್ತದೆ. ಸಂಚಿಕೆಗೆ ಬೇಕೆಂದು ಹುಡುಕಿದಾಗ ಸಿಗುವುದು ಆ ಕುಗ್ಗಿದ ಪ್ರತಿ ಮಾತ್ರ. ಮೊಬೈಲ್ ಬದಲಾದರೆ ಅದೂ ಇಲ್ಲ.

ಫಿಲ್ಮಿನ ಕಾಲದ ಆಲ್ಬಮ್‌ಗಳಾದರೂ ಸಂಘದ ಕಪಾಟಿನಲ್ಲಿ ಉಳಿಯುತ್ತಿದ್ದವು, ಚಿತ್ರದ ಹಿಂದೆ ಯಾರಾದರೂ ಹಿರಿಯರು ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದಿಡುತ್ತಿದ್ದರು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದದ್ದು 1926ರಲ್ಲಿ. ಆ ತಲೆಮಾರಿನ ಸಂಸ್ಥೆಗಳ ಆರಂಭದ ದಿನಗಳನ್ನು ಕಲ್ಪಿಸಿಕೊಳ್ಳಲು ಯಾರಿಗಾದರೂ ಆಸರೆಯಾಗುವುದು ಕಪ್ಪು-ಬಿಳುಪಿನ ಹಳೆಯ ಚಿತ್ರಗಳೇ. ಮೊಮ್ಮಕ್ಕಳ ಕಾಲದಲ್ಲಿ 2025ರ ಕಾರ್ಯಕ್ರಮವನ್ನು ನೋಡಬಯಸುವವರಿಗೆ ಏನು ಸಿಕ್ಕೀತು? ಅತ್ಯಾಧುನಿಕ ಕ್ಯಾಮೆರಾದಲ್ಲಿ ತೆಗೆದು, ಒಂದೇ ಹಾರ್ಡ್ ಡಿಸ್ಕಿನಲ್ಲಿಟ್ಟು, ಆ ಡಿಸ್ಕು ಕೆಟ್ಟು ಹೋದರೆ ಕನ್ನಡಿ ಇದ್ದರೇನು, ಇಲ್ಲದಿದ್ದರೇನು?

ಮಾಡಬೇಕಾದ್ದು

ಈ ಹಿನ್ನೆಲೆಯಲ್ಲಿ ಸಂಘಗಳ ಕಾರ್ಯಕಾರಿ ಸಮಿತಿಗಳು ಕೆಲವು ವಿಷಯಗಳನ್ನು ತೀರ್ಮಾನಿಸಿಕೊಳ್ಳುವುದು ಒಳಿತು. ಸಂಘದಲ್ಲಿ ನಡೆಯುತ್ತಿರುವ ಡಿಎಸ್‌ಎಲ್‌ಆರ್ ಇದ್ದರೆ ಅದನ್ನು ಮಾರುವ ಗೋಜಿಗೆ ಹೋಗದೆ, ಒಮ್ಮೆ ಸೆನ್ಸರ್ ಮತ್ತು ಲೆನ್ಸು ಶುಚಿ ಮಾಡಿಸಿ ಯುವ ವಿಭಾಗದ ಕೈಗೆ ಕೊಡಬೇಕು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಹೊಸದಾಗಿ ಕೊಳ್ಳಲೇಬೇಕಾದರೆ ಮಿರರ್‌ಲೆಸ್ ಕೊಳ್ಳಬೇಕು, ಅದೂ ಅತಿ ದುಬಾರಿ ಮಾದರಿಯಲ್ಲ. ಕ್ಯಾಮೆರಾಕ್ಕೆ ಕಡಿಮೆ, ಬೆಳಕು ಹೆಚ್ಚು ಹಿಡಿಯುವ ಲೆನ್ಸಿಗೆ ಹೆಚ್ಚು ಎಂಬ ಲೆಕ್ಕ ಹಿಡಿದರೆ ಸಭಾಗೃಹದ ಮಂದ ಬೆಳಕಿನಲ್ಲಿ ಅದರ ಫಲ ಕಾಣುತ್ತದೆ. ಕೊಳ್ಳುವ ಮೊದಲು ಸಂಘದ ಮಾಮೂಲು ಸಭಾಗೃಹದಲ್ಲೇ, ಅಲ್ಲಿಯ ಎಲ್‌ಇಡಿ ದೀಪಗಳಲ್ಲೇ ಅದನ್ನು ಪರೀಕ್ಷಿಸಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಮಹಾಸಭೆಯಲ್ಲಿ ಲೆಕ್ಕಪತ್ರ ಒಪ್ಪಿಸುವ ಕೋಶಾಧಿಕಾರಿಗಳಿಗೆ ಹೊಸದಲ್ಲ.

ಛಾಯಾಗ್ರಾಹಕರನ್ನು ಗೊತ್ತುಪಡಿಸುವಾಗ ಕ್ಯಾಮೆರಾದ ಹೆಸರು ಕೇಳುವ ಬದಲು ಅವರು ತೆಗೆದ ಹಿಂದಿನ ಕಾರ್ಯಕ್ರಮದ ಚಿತ್ರಗಳನ್ನು ಕೇಳಿ ನೋಡಬೇಕು. ಕಾರ್ಯಕ್ರಮ ಮುಗಿದ ಮೇಲೆ ಮೂಲ ಚಿತ್ರಗಳನ್ನು, ಕುಗ್ಗಿಸಿದ್ದನ್ನಲ್ಲ, ಎರಡು ಬೇರೆ ಬೇರೆ ಡಿಸ್ಕುಗಳಿಗೆ ಹಾಕಿ, ಒಂದನ್ನು ಸಂಘದ ಕಚೇರಿಯಲ್ಲೂ ಇನ್ನೊಂದನ್ನು ಬೇರೆ ಜಾಗದಲ್ಲೂ ಇಡುವ ಜವಾಬ್ದಾರಿಯನ್ನು ಒಬ್ಬ ಸದಸ್ಯರಿಗೆ ವಹಿಸಬೇಕು. ವರ್ಷಕ್ಕೆ ಐವತ್ತು ಒಳ್ಳೆಯ ಚಿತ್ರಗಳನ್ನಾದರೂ ಆಯ್ದು, ಕಾಗದದ ಮೇಲೆ ಮುದ್ರಿಸಿ, ಎಡದಿಂದ ಬಲಕ್ಕೆ ಯಾರು ಯಾರೆಂದು ಬರೆದು ಆಲ್ಬಮ್ ಮಾಡಬೇಕು. ಹಿರಿಯ ಸದಸ್ಯರನ್ನು ಒಂದು ಭಾನುವಾರ ಕರೆದು ಕೂರಿಸಿ, ಹಳೆಯ ಆಲ್ಬಮ್‌ಗಳಲ್ಲಿರುವವರ ಹೆಸರುಗಳನ್ನೂ ಅವರಿಂದಲೇ ಬರೆಸಿಕೊಳ್ಳಬೇಕು. ಅವರು ಇರುವಾಗ ಆಗಬೇಕಾದ ಕೆಲಸ ಇದು.

ಇವುಗಳಿಗೆ ತಗಲುವ ವೆಚ್ಚ ಹೊಸ ಕ್ಯಾಮೆರಾದ ಬೆಲೆಯ ಒಂದು ಸಣ್ಣ ಭಾಗ ಮಾತ್ರ. ಜಪಾನಿನ ಕಾರ್ಖಾನೆಗಳು ಕನ್ನಡಿಯನ್ನು ಕಳಚಿಟ್ಟಾಗಿದೆ, ಇನ್ನು ಅದನ್ನು ಮರಳಿ ಜೋಡಿಸುವ ಸಂಭವ ಕಡಿಮೆ. ಅದಕ್ಕಾಗಿ ಸಂಘಗಳು ಸಂಭ್ರಮಪಡುವುದೂ ಬೇಡ, ಗಾಬರಿಯಾಗುವುದೂ ಬೇಡ. ಈ ವರ್ಷದ ಮಹಾಸಭೆಯ ಕಾರ್ಯಸೂಚಿಯಲ್ಲಿ 'ಕ್ಯಾಮೆರಾ ಖರೀದಿ' ಎಂಬ ವಿಷಯ ಬಂದರೆ, ಅದರ ಮೇಲೆ 'ಛಾಯಾಚಿತ್ರ ಸಂಗ್ರಹ' ಎಂಬ ಇನ್ನೊಂದು ವಿಷಯವನ್ನು ಸೇರಿಸಿ ಮೊದಲು ಅದನ್ನು ಚರ್ಚೆಗೆ ಎತ್ತಿಕೊಳ್ಳಲಿ.